ಎರಡು ಬಗೆಯ ತೂಕದ ಕಲ್ಲು



ತೆರಿಗೆಯ ಮಾತು ಎತ್ತಿದರೆ ನಮ್ಮ ಸಭೆಗಳಲ್ಲಿ ಅರ್ಧ ಜನ ಟೀ ಕುಡಿಯಲು ಎದ್ದು ಹೋಗುತ್ತಾರೆ. ಕುಳಿತವರಲ್ಲೂ ಕೆಲವರು, "ಅದು ಮಾಲೀಕರ ತಲೆನೋವು, ನಮಗೇಕೆ? ಬೋನಸ್ಸಿನ ಮಾತಾಡಿ, ಇ.ಎಸ್.ಐ. ಮಾತಾಡಿ" ಎನ್ನುತ್ತಾರೆ. ಈ ಮಾತು ತಪ್ಪು ಎಂದು ತೋರಿಸಲು ಇಷ್ಟನ್ನು ಬರೆಯುತ್ತಿದ್ದೇನೆ. ಬೋನಸ್ಸೂ ಇ.ಎಸ್.ಐ.ಯೂ ಏಕೆ ಸಿಗುವುದಿಲ್ಲ ಎಂದು ಬೇರು ಹಿಡಿದು ಹೋದರೆ, ಎಷ್ಟೋ ಕಡೆ ನಾವು ಹೋಗಿ ನಿಲ್ಲುವುದು ತೆರಿಗೆಯ ಬಾಗಿಲಲ್ಲೇ.

ಹೊಸೂರಿನಲ್ಲಿ ದುಡಿಯುವವರೆಲ್ಲ ದೊಡ್ಡ ಕಾರ್ಖಾನೆಯ ಗೇಟಿನೊಳಗೆ ಇಲ್ಲ. ಆ ಕಾರ್ಖಾನೆಗಳಿಗೆ ಬುಷ್, ಪಿನ್, ಬ್ರಾಕೆಟ್ ಮಾಡಿಕೊಡುವ ಸಣ್ಣ ಶೆಡ್‌ಗಳಲ್ಲಿ ಇದ್ದಾರೆ. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಆರೇಳು ಕೈಗಳು, ಇಷ್ಟೇ ಅಲ್ಲಿನ ಬಂಡವಾಳ. ಅಲ್ಲಿ ಮಾಲೀಕನೂ ಅನೇಕ ವೇಳೆ ನಿನ್ನೆಯ ಕಾರ್ಮಿಕನೇ. ಗೇಟಿನ ಹೊರಗೆ ಹಾಕಲ್ಪಟ್ಟ ಮೂರು ನಾಲ್ಕು ಜನ, ಕೈಗೆ ಬಂದ ಲೆಕ್ಕದ ಹಣವನ್ನು ಕೂಡಿಸಿ ಹಳೆಯ ಮೆಷಿನ್ ಕೊಂಡು ಶುರು ಮಾಡಿದ ಶೆಡ್‌ಗಳು ಇಂಥವೇ. ಅಂಥ ಶೆಡ್ಡಿನ ಕತ್ತು ಹಿಸುಕಿದರೆ ಮೊದಲು ನಿಲ್ಲುವುದು ಕೆಲಸಗಾರನ ಪಿ.ಎಫ್., ಆಮೇಲೆ ಓವರ್‌ಟೈಮ್ ಹಣ, ಕೊನೆಗೆ ಕೆಲಸವೇ.

ನಾನು ಹೇಳಬೇಕಾದದ್ದು ಇಷ್ಟು: ನಮ್ಮ ದೇಶದಲ್ಲಿ ತೆರಿಗೆ ರಿಯಾಯಿತಿಯನ್ನು ಅಳೆಯಲು ಎರಡು ಬಗೆಯ ತೂಕದ ಕಲ್ಲು ಇವೆ. ದೊಡ್ಡವರಿಗೆ ಒಂದು, ಚಿಕ್ಕವರಿಗೆ ಇನ್ನೊಂದು. ದೊಡ್ಡವರ ರಿಯಾಯಿತಿ ಎಲ್ಲ ಗಡಿಯನ್ನೂ ದಾಟುತ್ತದೆ. ಚಿಕ್ಕವರ ರಿಯಾಯಿತಿ ಜೂಜುವಾಡಿಯಲ್ಲೇ ನಿಂತುಬಿಡುತ್ತದೆ. ಇದನ್ನು ಕೇಳಬೇಕಾದವರು ಮಾಲೀಕರ ಸಂಘದವರು ಮಾತ್ರವಲ್ಲ, ನಾವೂ ಹೌದು.

ರಿಯಾಯಿತಿಯಿಂದ ಬೆಳೆದ ಊರು

ಹೊಸೂರು ಕೈಗಾರಿಕೆಯ ಊರಾದದ್ದು ಇಲ್ಲಿನ ತಂಪು ಹವೆಯಿಂದ ಮಾತ್ರವಲ್ಲ. ಸಿಪ್‌ಕಾಟ್ ಸಂಸ್ಥೆಯನ್ನು ತಮಿಳುನಾಡು ಸರ್ಕಾರ 1971ರಲ್ಲಿ ಸ್ಥಾಪಿಸಿತು. ಆಗ ಹೊಸೂರು ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಧರ್ಮಪುರಿ ಹಿಂದುಳಿದ ಜಿಲ್ಲೆ ಎಂದು ಪಟ್ಟಿಯಾಗಿದ್ದರಿಂದ ಹೊಸ ಕಾರ್ಖಾನೆಗಳಿಗೆ ಆದಾಯ ತೆರಿಗೆಯಲ್ಲಿ ಲಾಭದ ಶೇಕಡಾ 20ರಷ್ಟನ್ನು ಹತ್ತು ವರ್ಷ ಕಳೆದುಕೊಳ್ಳಲು ಅವಕಾಶವಿತ್ತು. ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಮುಂದೂಡಿ ಕೊಡುವ ಸವಲತ್ತನ್ನೂ ನೀಡಿತು. ಬೆಂಗಳೂರು ಸುಮಾರು 40 ಕಿಲೋಮೀಟರ್, ಜಾಗ ಅಗ್ಗ, ತೆರಿಗೆ ಕಡಿಮೆ. 1980ರಲ್ಲಿ ಅಶೋಕ್ ಲೇಲ್ಯಾಂಡ್ ಬಂತು, ಟಿ.ವಿ.ಎಸ್. ಮೊಪೆಡ್ ಬಂತು, ಅದೇ ದಶಕದಲ್ಲಿ ಟೈಟನ್ ಗಡಿಯಾರ ಬಂತು. ಅವುಗಳ ಹಿಂದೆ ಸಣ್ಣ ಶೆಡ್‌ಗಳು ಬಂದವು.

ಗಡಿಯ ಆಚೆ ಕರ್ನಾಟಕವೂ ಸುಮ್ಮನಿರಲಿಲ್ಲ. ಅದೂ ತನ್ನ ಕೈಗಾರಿಕಾ ಪ್ರದೇಶಗಳಿಗೆ ಸವಲತ್ತು ಸಾರಿತು. ದೇಶದ ಎಲ್ಲ ರಾಜ್ಯಗಳೂ ಹೀಗೆ ಹರಾಜು ಕೂಗಿದಂತೆ ಮಾರಾಟ ತೆರಿಗೆಯನ್ನು ಬಿಟ್ಟುಕೊಡುತ್ತಾ ಹೋದವು. ಕೊನೆಗೆ ಎಲ್ಲರ ಬೊಕ್ಕಸವೂ ಬರಿದಾಗುವುದನ್ನು ಕಂಡು, 2000ದ ಜನವರಿ 1ರಿಂದ ಹೊಸದಾಗಿ ಇಂಥ ಮಾರಾಟ ತೆರಿಗೆ ಸವಲತ್ತು ಕೊಡುವುದು ಬೇಡ ಎಂದು ರಾಜ್ಯಗಳು ತಾವೇ ಒಪ್ಪಂದಕ್ಕೆ ಬಂದವು. ನೆರೆಯವನನ್ನು ಸೋಲಿಸಲು ಕೊಟ್ಟ ರಿಯಾಯಿತಿಯಿಂದ ಇಬ್ಬರೂ ಸೋತರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸಣ್ಣ ಶೆಡ್‌ಗಳನ್ನು ಆ ಕಾಲದಲ್ಲಿ ನಿಜವಾಗಿ ಉಳಿಸಿದ್ದು ಬೇರೊಂದು ಸವಲತ್ತು, ಕೇಂದ್ರ ಎಕ್ಸೈಸ್ ಸುಂಕದ ವಿನಾಯಿತಿ. ಅದರ ಮಿತಿ ಕಾಲಕಾಲಕ್ಕೆ ಏರಿ, ಕೊನೆಯ ವರ್ಷಗಳಲ್ಲಿ ವರ್ಷಕ್ಕೆ 1.5 ಕೋಟಿ ರೂಪಾಯಿಯವರೆಗಿನ ಸರಕಿಗೆ ಸಣ್ಣ ಘಟಕ ಸುಂಕ ಕಟ್ಟಬೇಕಾಗಿರಲಿಲ್ಲ. ಅಂತರರಾಜ್ಯ ಮಾರಾಟ ತೆರಿಗೆಯ ಕಾಗದ ಪತ್ರ ಬೇರೆ ಇತ್ತು, ಚೆಕ್‌ಪೋಸ್ಟಿನಲ್ಲಿ ಲಾರಿ ಕಾಯುವ ಕಷ್ಟವೂ ಇತ್ತು. ಆದರೆ ಎಕ್ಸೈಸ್ ವಿನಾಯಿತಿ ಕೊಡುವಾಗ, "ನಿನ್ನ ಸರಕು ಯಾವ ರಾಜ್ಯಕ್ಕೆ ಹೋಗುತ್ತದೆ?" ಎಂದು ಯಾರೂ ಕೇಳುತ್ತಿರಲಿಲ್ಲ. ಹೊಸೂರಿನ ಶೆಡ್ಡು ಬೊಮ್ಮಸಂದ್ರಕ್ಕೆ ಮಾಡಿದರೂ ಅದೇ, ಕೊಯಮತ್ತೂರಿಗೆ ಮಾಡಿದರೂ ಅದೇ.

ಕನ್ಯಾಕುಮಾರಿಗೆ ಆಗಬಹುದು, ಅತ್ತಿಬೆಲೆಗೆ ಆಗದು

2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಒಂದು ದೇಶ, ಒಂದು ತೆರಿಗೆ, ಒಂದು ಮಾರುಕಟ್ಟೆ ಎಂದು ಘೋಷಣೆ ಮೊಳಗಿತು. ತೆರಿಗೆ ಚೆಕ್‌ಪೋಸ್ಟ್‌ಗಳನ್ನು ತೆಗೆದರು. ಲಾರಿ ಚಾಲಕ ಬಂಧುಗಳ ರಾತ್ರಿಗಟ್ಟಲೆಯ ಕಾಯುವಿಕೆ ತಪ್ಪಿತು. ಇದು ಒಳ್ಳೆಯದು, ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು.

ಆದರೆ ಚಿಕ್ಕವರಿಗೆ ಕೊಟ್ಟ ರಿಯಾಯಿತಿಯ ಒಳಗನ್ನು ನೋಡಿ. ಹಳೆಯ 1.5 ಕೋಟಿಯ ಎಕ್ಸೈಸ್ ವಿನಾಯಿತಿ ಹೋಯಿತು. ಅದರ ಸ್ಥಳದಲ್ಲಿ ವರ್ಷಕ್ಕೆ 20 ಲಕ್ಷದವರೆಗೆ ವ್ಯಾಪಾರ ಮಾಡುವವರು ನೋಂದಣಿ ಮಾಡಿಸಬೇಕಿಲ್ಲ ಎಂದರು. 2019ರ ಏಪ್ರಿಲ್ 1ರಿಂದ ಸರಕು ಮಾರುವವರಿಗೆ ಇದನ್ನು 40 ಲಕ್ಷಕ್ಕೆ ಏರಿಸಿದರು. ತಮಿಳುನಾಡಿನಲ್ಲೂ ಅದೇ ಮಿತಿ. ಕೇಳಲು ಚೆನ್ನಾಗಿದೆ. ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ: ಯಾರು ಒಂದು ರೂಪಾಯಿಯ ಸರಕನ್ನಾದರೂ ಬೇರೆ ರಾಜ್ಯಕ್ಕೆ ಮಾರುತ್ತಾರೋ ಅವರಿಗೆ ಈ ಮಿತಿ ಇಲ್ಲ. ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ, ಮೊದಲ ರೂಪಾಯಿಯಿಂದಲೇ ನೋಂದಣಿ, ಮೊದಲ ರೂಪಾಯಿಯಿಂದಲೇ ತೆರಿಗೆ.

ಇದರ ಅರ್ಥವೇನು? ಹೊಸೂರಿನ ಸಣ್ಣ ಶೆಡ್ಡೊಂದು ತಾನು ಮಾಡಿದ ಬುಷ್‌ಗಳನ್ನು ನೂರಾರು ಕಿಲೋಮೀಟರ್ ಆಚೆಯ ಕನ್ಯಾಕುಮಾರಿಗೆ ಕಳಿಸಿದರೆ ರಿಯಾಯಿತಿ ಉಂಟು. ಸೈಕಲ್ಲಿನಲ್ಲಿ ಹೋಗಬಹುದಾದ ಅತ್ತಿಬೆಲೆಗೆ ಕಳಿಸಿದರೆ ಇಲ್ಲ. ಸೇಲಂ, ಮದುರೆ, ತಿರುನೆಲ್ವೇಲಿಯ ಶೆಡ್ಡಿಗೆ ಈ ಕಟ್ಟಳೆಯಿಂದ ಹೆಚ್ಚು ತೊಂದರೆಯಿಲ್ಲ, ಅದರ ಸುತ್ತಲೂ ತಮಿಳುನಾಡೇ ಇದೆ. ನಮ್ಮದು ಗಡಿಯ ಊರು. ನಮ್ಮ ಸಂತೆ, ಆಸ್ಪತ್ರೆ, ಮದುವೆ ಸಂಬಂಧಗಳೆಲ್ಲ ಎರಡು ಕಡೆಗೂ ಹರಡಿವೆ. ಗಿರಾಕಿಗಳೂ ಹಾಗೆಯೇ: ಬೊಮ್ಮಸಂದ್ರ, ಜಿಗಣಿ, ಆನೇಕಲ್ಲು. 40 ಲಕ್ಷದ ರಿಯಾಯಿತಿ ಹೊಸೂರಿನವರಿಗೆ ಕಾಗದದ ಮೇಲೆ ಉಂಟು, ಕೈಯಲ್ಲಿ ಇಲ್ಲ.

ಸಣ್ಣವರಿಗಾಗಿ ಮಾಡಿದ ಇನ್ನೊಂದು ಯೋಜನೆ ಕಾಂಪೋಸಿಷನ್ ಎಂಬುದು. 1.5 ಕೋಟಿಯವರೆಗೆ ವಹಿವಾಟು ಇರುವ ತಯಾರಕರು ಶೇಕಡಾ 1ರಷ್ಟು ಕಟ್ಟಿ ಮುಗಿಸಬಹುದು, ಲೆಕ್ಕದ ತೊಡಕು ಕಡಿಮೆ. ಆದರೆ ಅದನ್ನು ಆರಿಸಿಕೊಂಡವನು ಹೊರ ರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ತನ್ನ ಬಿಲ್ಲಿನಲ್ಲಿ ತೆರಿಗೆ ತೋರಿಸುವಂತೆಯೂ ಇಲ್ಲ, ಆದ್ದರಿಂದ ಕೊಳ್ಳುವ ಕಂಪನಿಗೆ ಇನ್‌ಪುಟ್ ಕ್ರೆಡಿಟ್ ಸಿಗದು. ಕ್ರೆಡಿಟ್ ಸಿಗದ ಕಡೆ ಯಾವ ಕಂಪನಿ ಕೊಳ್ಳುತ್ತದೆ? ಹೀಗೆ ಈ ಬಾಗಿಲೂ ಮುಚ್ಚಿತು.

ಇನ್ನೂ ಒಂದು ವಿಚಿತ್ರ ಕೇಳಿ. 2017ರ ಅಕ್ಟೋಬರಿನಲ್ಲಿ ಸರ್ಕಾರ ಸೇವೆ ಒದಗಿಸುವವರಿಗೆ ಈ ಗಡಿಯ ತಡೆಯನ್ನು ಸಡಿಲಿಸಿತು. 20 ಲಕ್ಷದವರೆಗೆ ಬೇರೆ ರಾಜ್ಯಕ್ಕೆ ಸೇವೆ ಕೊಟ್ಟರೂ ನೋಂದಣಿ ಬೇಡ ಎಂದಿತು. ಜಾಬ್ ವರ್ಕ್ ಕಾಯಿದೆಯ ಲೆಕ್ಕದಲ್ಲಿ ಸೇವೆ. ಎಂದರೆ, ಕಂಪನಿ ಕಳಿಸಿದ ಕಬ್ಬಿಣವನ್ನು ಕಡೆದು ಕೂಲಿ ತೆಗೆದುಕೊಂಡರೆ ಗಡಿ ದಾಟಬಹುದು. ಸ್ವಂತ ಕಬ್ಬಿಣ ಕೊಂಡು ಸ್ವಂತ ಸರಕು ಮಾಡಿ ಮಾರಿದರೆ ದಾಟುವಂತಿಲ್ಲ. ಕೂಲಿಯಾಗಿಯೇ ಇರು, ತಯಾರಕನಾಗಬೇಡ ಎಂದು ಕಾಯಿದೆಯೇ ಹೇಳಿದಂತಾಯಿತು. ಬಾಯಿ ಬಿಟ್ಟು ಯಾರೂ ಹಾಗೆ ಹೇಳಿಲ್ಲ, ನಿಜ. ಆದರೆ ಶೆಡ್ಡಿಗೆ ಬಂದು ಮುಟ್ಟುವ ಫಲ ಅದೇ.

ನೆರೆಮನೆ ಬೇರೆಯಾದಾಗ

ಗಡಿಯ ಆಚೆಯವನು ನಿಯಮ ಬದಲಿಸಿದಾಗ ಈಚೆಯ ಚಿಕ್ಕವನ ಗತಿ ಏನು ಎಂಬುದು ನಮ್ಮೊಬ್ಬರ ಪ್ರಶ್ನೆಯಲ್ಲ. ಇದೇ ಪ್ರಶ್ನೆ ಐರ್ಲೆಂಡ್ ಎಂಬ ಸಣ್ಣ ದೇಶವನ್ನು ಕೆಲವು ವರ್ಷ ನಿದ್ದೆಗೆಡಿಸಿತು. ಅಲ್ಲಿನ ಜನಸಂಖ್ಯೆ ಸುಮಾರು 50 ಲಕ್ಷ. ಪಕ್ಕದ ದೊಡ್ಡ ಮನೆ ಬ್ರಿಟನ್. ಎರಡೂ ಯುರೋಪಿಯನ್ ಒಕ್ಕೂಟ ಎಂಬ ವ್ಯಾಪಾರ ಕೂಟದಲ್ಲಿದ್ದವು. 2016ರ ಜೂನ್ 23ರಂದು ಬ್ರಿಟನ್ನಿನ ಜನ ಕೂಟದಿಂದ ಹೊರಬರಲು ಮತ ಹಾಕಿದರು. 2020ರ ಜನವರಿ 31ರಂದು ಆ ದೇಶ ಹೊರಬಂತು. ಆ ವರ್ಷದ ಕೊನೆಗೆ ಹಳೆಯ ವ್ಯಾಪಾರ ನಿಯಮಗಳೂ ಮುಗಿದವು.

ಐರ್ಲೆಂಡಿನ ಸಣ್ಣ ಉದ್ಯಮಗಳಿಗೆ ಭಯ ಹಿಡಿಯಿತು. ಬ್ರಿಟನ್ ಇನ್ನು ಯಾರ ಅಪ್ಪಣೆಯೂ ಇಲ್ಲದೆ ತನ್ನ ಉದ್ಯಮಿಗಳಿಗೆ ಬೇಕಾದ ರಿಯಾಯಿತಿ ಕೊಟ್ಟೀತು, ನಾವು ಹಿಂದೆ ಬೀಳುತ್ತೇವೆ ಎಂದು. ಕೂಟದೊಳಗೆ ಉಳಿದ ಐರ್ಲೆಂಡ್ ಮಾತ್ರ ಒಂದು ವಲಯಕ್ಕೆ ವಿಶೇಷ ರಿಯಾಯಿತಿ ಕೊಡಬೇಕಾದರೆ ಯುರೋಪಿಯನ್ ಆಯೋಗದ ಒಪ್ಪಿಗೆ ಪಡೆಯಬೇಕು. 2018ರ ಜನವರಿಯಿಂದ ಸಣ್ಣ ಕಂಪನಿಗಳ ನೌಕರರಿಗೆ ಷೇರು ಕೊಡಲು ತೆರಿಗೆ ಸವಲತ್ತೊಂದನ್ನು ತಂದರು. ಅದಕ್ಕೂ ಆಯೋಗದ ಅನುಮತಿ ಬೇಕಾಯಿತು. ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ ಬಳಸಿಕೊಂಡ ಕಂಪನಿಗಳು ಬಹಳ ಕಡಿಮೆ.

ಇನ್ನೊಂದು ಬೇಡಿಕೆ ಉದ್ಯಮ ಮಾರಿದಾಗ ಬರುವ ಲಾಭದ ತೆರಿಗೆಯದು. ಬ್ರಿಟನ್ನಿನಲ್ಲಿ ಒಬ್ಬ ಉದ್ಯಮಿ ಜೀವಮಾನದಲ್ಲಿ 1 ಕೋಟಿ ಪೌಂಡಿನವರೆಗಿನ ಇಂಥ ಲಾಭಕ್ಕೆ ಶೇಕಡಾ 10 ಮಾತ್ರ ಕಟ್ಟಿದರೆ ಸಾಕಾಗಿತ್ತು; ಐರ್ಲೆಂಡಿನಲ್ಲಿ ಆಗ ಆ ಮಿತಿ 10 ಲಕ್ಷ ಯೂರೋ ಆಗಿತ್ತು. "ನಮಗೂ ಬ್ರಿಟನ್ನಿನಷ್ಟೇ ಕೊಡಿ" ಎಂದು ಉದ್ಯಮಿಗಳು ಕೂಗಿದರು. ಆಮೇಲೆ ಆದದ್ದೇನು? ಕೂಟ ಬಿಟ್ಟ ಎರಡೇ ತಿಂಗಳಲ್ಲಿ, 2020ರ ಮಾರ್ಚ್ 11ರಂದು, ಬ್ರಿಟನ್ ತಾನೇ ಆ ಮಿತಿಯನ್ನು 1 ಕೋಟಿಯಿಂದ 10 ಲಕ್ಷ ಪೌಂಡಿಗೆ ಇಳಿಸಿತು. ಯಾರ ಹಿಂದೆ ಓಡಬೇಕೆಂದು ಇವರು ಸೊಂಟ ಕಟ್ಟಿದ್ದರೋ ಅವನೇ ಓಟ ನಿಲ್ಲಿಸಿ ಹಿಂದಕ್ಕೆ ತಿರುಗಿದ! ನೆರೆಯವನನ್ನು ನೋಡಿ ರಿಯಾಯಿತಿ ಕೇಳುವವರು ಈ ಕಥೆಯನ್ನು ಮರೆಯಬಾರದು.

ಹಾಗಾದರೆ ಐರ್ಲೆಂಡಿನ ಚಿಕ್ಕ ವ್ಯಾಪಾರಿಗೆ ಉಪಯೋಗಕ್ಕೆ ಬಂದದ್ದು ಯಾವುದು? ಗಡಿಯಲ್ಲಿ ಅವನ ಕೈಯ ಹಣ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಂಡ ಸಣ್ಣ ಸಣ್ಣ ಏರ್ಪಾಡುಗಳು. ಬ್ರಿಟನ್ನಿನಿಂದ ತರುವ ಸರಕಿಗೆ ಬಂದರಿನಲ್ಲೇ ವ್ಯಾಟ್ ತೆರಿಗೆ ಸುರಿಯಬೇಕಾದ ಸ್ಥಿತಿ ಬಂದಾಗ, 2021ರ ಜನವರಿ 1ರಿಂದ ಐರ್ಲೆಂಡ್ ಸರ್ಕಾರ, "ಬಂದರಿನಲ್ಲಿ ಕಟ್ಟಬೇಡಿ, ನಿಮ್ಮ ಲೆಕ್ಕದ ಪತ್ರದಲ್ಲಿ ತೋರಿಸಿ ಸರಿಹೊಂದಿಸಿಕೊಳ್ಳಿ" ಎಂದಿತು. ಇನ್ನೂ ದೊಡ್ಡದು 2025ರ ಜನವರಿ 1ರಂದು ಬಂತು. ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ ಯಾವುದೇ ಒಂದರ ಸಣ್ಣ ವ್ಯಾಪಾರಿ, ಒಟ್ಟು ವಹಿವಾಟು ವರ್ಷಕ್ಕೆ 1 ಲಕ್ಷ ಯೂರೋ ಮೀರದಿದ್ದರೆ, ಬೇರೆ ಸದಸ್ಯ ದೇಶದ ಸಣ್ಣವರ ವ್ಯಾಟ್ ವಿನಾಯಿತಿಯನ್ನೂ ಪಡೆಯಬಹುದು. ನೋಂದಣಿ ಒಂದೇ, ಅದೂ ತನ್ನ ದೇಶದಲ್ಲೇ. ಕೂಟ ಬಿಟ್ಟ ಬ್ರಿಟನ್ನಿನ ಚಿಕ್ಕ ವ್ಯಾಪಾರಿಗೆ ಈ ಸವಲತ್ತು ಇಲ್ಲ.

ಬಂಧುಗಳೇ, ಇದನ್ನು ಒಂದು ಕ್ಷಣ ಯೋಚಿಸಿ. ಅವು 27 ಬೇರೆ ಬೇರೆ ದೇಶಗಳು, ಬೇರೆ ಭಾಷೆಗಳು, ಬೇರೆ ಸರ್ಕಾರಗಳು. ಅಲ್ಲಿ ಚಿಕ್ಕವನ ರಿಯಾಯಿತಿ ಗಡಿ ದಾಟುತ್ತದೆ. ನಮ್ಮದು ಒಂದೇ ದೇಶ, ಒಂದೇ ತೆರಿಗೆ ಎಂದು ಡಂಗುರ ಸಾರಿದ ದೇಶ. ಇಲ್ಲಿ ಹೊಸೂರಿನ ರಿಯಾಯಿತಿ ಅತ್ತಿಬೆಲೆಗೆ ದಾಟುವುದಿಲ್ಲ!

ಒಂದೂವರೆ ತಿಂಗಳ ಅಂತರ

ವ್ಯಾಪಾರ ಕೂಟದಿಂದ ಹೊರಗುಳಿದ ಕಥೆ ನಮ್ಮ ದೇಶಕ್ಕೂ ಇದೆ. ಏಷ್ಯಾ ಮತ್ತು ಪೆಸಿಫಿಕ್ ಕಡೆಯ 16 ದೇಶಗಳು ಆರ್.ಸಿ.ಇ.ಪಿ. ಎಂಬ ಕೂಟಕ್ಕಾಗಿ ವರ್ಷಗಟ್ಟಲೆ ಮಾತುಕತೆ ನಡೆಸಿದವು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ತಾನು ಸೇರುವುದಿಲ್ಲ ಎಂದು ಪ್ರಕಟಿಸಿತು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. 2022ರ ಜನವರಿ 1ರಿಂದ ಅದು ಜಾರಿಗೆ ಬಂತು. ಹೊರಗುಳಿದದ್ದು ರೈತರ, ಹೈನುಗಾರರ, ಸಣ್ಣ ಕೈಗಾರಿಕೆಗಳ ರಕ್ಷಣೆಗಾಗಿ ಎಂದರು. ಕಾರ್ಮಿಕ ಸಂಘಗಳೂ ಆ ಕೂಟವನ್ನು ವಿರೋಧಿಸಿದ್ದವು. ನಿರ್ಧಾರ ಸರಿಯೇ ತಪ್ಪೇ ಎಂಬ ವಾದ ಇಲ್ಲಿ ಬೇಡ. ನಾನು ಕೇಳುವುದು ಬೇರೆ: ಯಾರ ಹೆಸರಿನಲ್ಲಿ ಹೊರಗುಳಿದಿರೋ ಆ ಚಿಕ್ಕವನಿಗೆ ತೆರಿಗೆಯಲ್ಲಿ ಏನು ಕೊಟ್ಟಿರಿ?

ಅದಕ್ಕೆ ಒಂದೂವರೆ ತಿಂಗಳ ಹಿಂದೆ, 2019ರ ಸೆಪ್ಟೆಂಬರ್ 20ರಂದು, ಕಂಪನಿಗಳ ಆದಾಯ ತೆರಿಗೆಯನ್ನು ಇಳಿಸಿದರು. ಬೇರೆ ರಿಯಾಯಿತಿ ಬಿಟ್ಟುಕೊಡುವ ಕಂಪನಿಗೆ ಶೇಕಡಾ 22. ಹೊಸದಾಗಿ ಹುಟ್ಟಿ 2024ರ ಮಾರ್ಚ್ ಒಳಗೆ ಉತ್ಪಾದನೆ ಶುರು ಮಾಡಿದ ಕಂಪನಿಗೆ ಶೇಕಡಾ 15. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕಡಿಮೆಯಾಗುತ್ತದೆ ಎಂದು ಹಣಕಾಸು ಸಚಿವರೇ ಹೇಳಿದರು. ಆದರೆ ನಾಲ್ಕು ಜನ ಕೂಡಿ ಮಾಡಿದ ಪಾಲುದಾರಿಕೆ ಸಂಸ್ಥೆಗೆ? ಅದೇ ಹಳೆಯ ಶೇಕಡಾ 30.

ಲೆಕ್ಕ ಹಾಕೋಣ. ಒಬ್ಬನೇ ಮಾಲೀಕನಾದರೆ ಅವನಿಗೆ ವ್ಯಕ್ತಿಗಳ ತೆರಿಗೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಕಟ್ಟಬೇಕಿಲ್ಲ, ಅದು ಸರಿ. ಪಾಲುದಾರಿಕೆಯಲ್ಲಿ ದುಡಿಯುವ ಪಾಲುದಾರರ ಸಂಬಳವನ್ನು ಒಂದು ಮಿತಿಯವರೆಗೆ ಕಳೆಯಬಹುದು, ಅದೂ ಸರಿ. ಅದೆಲ್ಲ ಕಳೆದ ಮೇಲೆ, ಹೊಸ ಮೆಷಿನ್ ಕೊಳ್ಳಲೆಂದು ಸಂಸ್ಥೆಯಲ್ಲೇ ಉಳಿಸಿದ ಲಾಭ 5 ಲಕ್ಷ ಎಂದಿಟ್ಟುಕೊಳ್ಳಿ. ಸೆಸ್ ಸೇರಿ ಶೇಕಡಾ 31.2, ತೆರಿಗೆ 1,56,000 ರೂಪಾಯಿ. ಅದೇ 5 ಲಕ್ಷಕ್ಕೆ ಶೇಕಡಾ 22ರ ಕಂಪನಿ ಸರ್ಚಾರ್ಜು ಸೆಸ್ಸು ಎಲ್ಲ ಸೇರಿ ಕಟ್ಟುವುದು 1,25,840. ಶೇಕಡಾ 15ರ ಹೊಸ ಕಂಪನಿ ಕಟ್ಟುವುದು 85,800. ಸಾವಿರಾರು ಕೋಟಿಯ ಕಂಪನಿಯ ದರ ಕಡಿಮೆ, ನಾಲ್ಕು ಜನ ಫಿಟ್ಟರುಗಳ ಶೆಡ್ಡಿನ ದರ ಹೆಚ್ಚು!

ಹೊರದೇಶ ನೋಡಿ ಕಲಿಯಿರಿ ಎಂದು ನಮಗೆ ಉಪದೇಶ ಮಾಡುವವರು ಇದನ್ನೂ ನೋಡಲಿ. ಬ್ರಿಟನ್ 2023ರ ಏಪ್ರಿಲ್‌ನಿಂದ ದೊಡ್ಡ ಲಾಭದ ಕಂಪನಿಗಳ ದರವನ್ನು ಶೇಕಡಾ 25ಕ್ಕೆ ಏರಿಸಿ, 50,000 ಪೌಂಡಿನೊಳಗಿನ ಲಾಭಕ್ಕೆ ಶೇಕಡಾ 19ನ್ನೇ ಉಳಿಸಿತು. ಐರ್ಲೆಂಡ್ 2024ರಿಂದ 75 ಕೋಟಿ ಯೂರೋ ಮೀರಿದ ವಹಿವಾಟಿನ ದೈತ್ಯ ಕಂಪನಿಗಳಿಗೆ ಶೇಕಡಾ 15 ಮಾಡಿ, ಉಳಿದವರಿಗೆ ಶೇಕಡಾ 12.5 ಇಟ್ಟಿತು. ಒಂದು ಕೂಟ ಬಿಟ್ಟ ದೇಶ, ಇನ್ನೊಂದು ಕೂಟದೊಳಗೆ ಉಳಿದ ದೇಶ. ಎರಡರಲ್ಲೂ ಚಿಕ್ಕವನ ದರ ದೊಡ್ಡವನಿಗಿಂತ ಕಡಿಮೆ. ಆದ್ದರಿಂದ ಕೂಟ ಸೇರುವುದೋ ಬಿಡುವುದೋ ಎಂಬುದು ಚಿಕ್ಕವನ ಹಣೆಬರಹವನ್ನು ತೀರ್ಮಾನಿಸುವುದಿಲ್ಲ. ತಕ್ಕಡಿ ಹಿಡಿದವನು ಯಾವ ಕಲ್ಲು ಇಡುತ್ತಾನೆ ಎಂಬುದೇ ತೀರ್ಮಾನಿಸುತ್ತದೆ.

"ಸಣ್ಣ" ಎಂದರೆ ಯಾರು?

ಸಣ್ಣ ಕೈಗಾರಿಕೆಗೆ ಎಷ್ಟೆಲ್ಲ ಕೊಟ್ಟಿದ್ದೇವೆ ಎಂದು ಜಾಹೀರಾತು ಬರುತ್ತದೆ. ಅಲ್ಲಿ ಸಣ್ಣ ಎಂದರೆ ಯಾರು? 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಕೋಟಿಯವರೆಗೆ ವಹಿವಾಟು ಇದ್ದರೆ ಅತಿ ಸಣ್ಣ, 100 ಕೋಟಿಯವರೆಗೆ ಸಣ್ಣ, 500 ಕೋಟಿಯವರೆಗೆ ಮಧ್ಯಮ. 100 ಕೋಟಿಯ ಧಣಿಯೂ ಸಣ್ಣವನೇ! ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ, ಬಡಿಸುವವನ ಹತ್ತಿರ ಕುಳಿತವನ ಎಲೆ ತುಂಬುತ್ತದೆ, ಕೊನೆಯವನಿಗೆ ಸೌಟು ಮಾತ್ರ ಕಾಣುತ್ತದೆ.

ಕೆಲಸ ಕೊಟ್ಟರೆ ಸಿಗುವ ಸಹಾಯವೂ ಹೀಗೆಯೇ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಹೊಸ ಕೆಲಸಗಾರರನ್ನು ಸೇರಿಸಿಕೊಳ್ಳುವ ಮಾಲೀಕರಿಗೆ ತಲೆಗೆ ತಿಂಗಳಿಗೆ 3,000 ರೂಪಾಯಿಯವರೆಗೆ ಕೊಡುವ ಯೋಜನೆಯೊಂದನ್ನು ಕೇಂದ್ರ ಸರ್ಕಾರ 99,446 ಕೋಟಿ ರೂಪಾಯಿ ಗೊತ್ತುಮಾಡಿ ತಂದಿತು. ಇದನ್ನು ಪಿ.ಎಫ್. ನೋಂದಣಿಗೆ ಕಟ್ಟಿದ್ದು ಸರಿಯಾದ ಕ್ರಮ, ನಾವು ಸ್ವಾಗತಿಸಬೇಕು. ಆದರೆ ಪಿ.ಎಫ್. ಕಡ್ಡಾಯವಾಗುವುದು 20 ಜನರಿದ್ದ ಕಡೆ. ಏಳು ಜನರ ಶೆಡ್ಡು ಅದರ ಹೊರಗಿದೆ. ತಾನಾಗಿ ಪಿ.ಎಫ್. ಸೇರಲು ಅದಕ್ಕೂ ಅವಕಾಶವಿದೆ. ಆದರೆ ಇದನ್ನು ಆ ಶೆಡ್ಡಿಗೆ ಹೋಗಿ ಹೇಳುವವರು ಯಾರು? ಇಲಾಖೆ ಹೇಳದಿದ್ದರೆ ಸಂಘ ಹೇಳಬೇಕು.

ಎದುರು ಮಾತುಗಳಿಗೆ ಉತ್ತರ

"ನೋಂದಣಿಗೆ ದುಡ್ಡು ಬೇಡ, ಮಾಡಿಸಿಕೊಂಡರಾಯಿತು" ಎನ್ನುತ್ತಾರೆ ಅಧಿಕಾರಿಗಳು. ನೋಂದಣಿ ಪುಕ್ಕಟೆ ಇರಬಹುದು, ಅದನ್ನು ಸಾಕುವುದು ಪುಕ್ಕಟೆ ಅಲ್ಲ. ರಿಟರ್ನ್ ಹಾಕಿಕೊಡುವವರಿಗೆ ತಿಂಗಳ ಫೀಸು. ಒಂದು ದಿನ ತಡವಾದರೆ 50 ರೂಪಾಯಿ, ವ್ಯವಹಾರವೇ ಇಲ್ಲದ ತಿಂಗಳಿಗೂ ದಿನಕ್ಕೆ 20 ರೂಪಾಯಿ ದಂಡ. ಕೊಂಡ ಕಂಪನಿ ಮೂರು ತಿಂಗಳಾದರೂ ಬಿಲ್ಲಿನ ಹಣ ಕೊಡುವುದಿಲ್ಲ, ಆ ಬಿಲ್ಲಿನ ತೆರಿಗೆಯನ್ನು ಶೆಡ್ಡಿನವನು ಮೊದಲೇ ಕಟ್ಟಿರಬೇಕು. ಆ ಹಣ ಎಲ್ಲಿಂದ ಬರುತ್ತದೆ? ಶನಿವಾರದ ಬಟವಾಡೆಯಿಂದ.

"45 ದಿನದೊಳಗೆ ಹಣ ಕೊಡಬೇಕೆಂದು ಕಾಯಿದೆ ಇದೆಯಲ್ಲ?" ಎನ್ನುತ್ತಾರೆ. 2006ರ ಕಾಯಿದೆ ಹಾಗೆ ಹೇಳುತ್ತದೆ. ಅವಧಿಯೊಳಗೆ ಕೊಡದಿದ್ದರೆ ಆ ಖರ್ಚನ್ನು ಕೊಂಡ ಕಂಪನಿ ತನ್ನ ಆದಾಯದಲ್ಲಿ ಆ ವರ್ಷ ಕಳೆಯುವಂತಿಲ್ಲ ಎಂದು 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ನಿಯಮ ಬಂತು. ಇದು ಒಳ್ಳೆಯ ಅಸ್ತ್ರ. ಆದರೆ ಉದ್ಯಮ್ ನೋಂದಣಿ ಇಲ್ಲದವನು ಇದರ ರಕ್ಷಣೆ ಕೇಳಲಾರ. ಇದ್ದವನೂ ದೂರು ಕೊಟ್ಟರೆ ಮುಂದಿನ ಆರ್ಡರ್ ತಪ್ಪುತ್ತದೆಂದು ಬಾಯಿ ಕಟ್ಟಿಕೊಳ್ಳುತ್ತಾನೆ. ಒಬ್ಬೊಬ್ಬನಾಗಿ ಹೋದರೆ ಹೆದರಿಕೆ, ಕೂಡಿ ಹೋದರೆ ಬಲ. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

"ವಿನಾಯಿತಿ ಕೊಟ್ಟರೆ ಮೋಸ ಮಾಡುತ್ತಾರೆ, ಒಂದೇ ಕಾರ್ಖಾನೆಯನ್ನು ಹೆಂಡತಿ, ತಮ್ಮ, ಭಾವನ ಹೆಸರಿಗೆ ಒಡೆದು ಸಣ್ಣದಾಗಿ ತೋರಿಸುತ್ತಾರೆ." ಈ ಮಾತಿನಲ್ಲಿ ಸತ್ಯವಿದೆ. ಎಕ್ಸೈಸ್ ಕಾಲದಲ್ಲೂ ಹೀಗೆ ಮಾಡಿದವರಿದ್ದರು. ಆದರೆ ಇಂದು 50,000 ರೂಪಾಯಿ ಮೀರಿದ ಸರಕು ರಾಜ್ಯ ದಾಟಬೇಕಾದರೆ ಇ-ವೇ ಬಿಲ್ ಬೇಕು, ಎಲ್ಲ ವ್ಯವಹಾರವೂ ಪ್ಯಾನ್ ಸಂಖ್ಯೆಗೆ ಕಟ್ಟಿದೆ. ಕಳ್ಳನನ್ನು ಹಿಡಿಯಲು ದಾರಿ ಇದೆ. ಒಬ್ಬ ಕಳ್ಳನಿದ್ದಾನೆಂದು ಇಡೀ ಊರಿನ ಬಾಗಿಲಿಗೆ ಬೀಗ ಹಾಕುವುದು ನ್ಯಾಯವಲ್ಲ.

ಕೊನೆಯದು ನಮ್ಮವರದೇ ಮಾತು: "ಮಾಲೀಕನಿಗೆ ತೆರಿಗೆ ಉಳಿದರೆ ಅವನು ಬೈಕು ಕೊಳ್ಳುತ್ತಾನೆ, ನಮಗೇನು ಬರುತ್ತದೆ?" ಈ ಅನುಮಾನ ನ್ಯಾಯವಾದದ್ದು. ಮಾಲೀಕ ಚಿಕ್ಕವನಾದ ಮಾತ್ರಕ್ಕೆ ಧರ್ಮಾತ್ಮನಾಗುವುದಿಲ್ಲ. ಏಳು ಜನರ ಶೆಡ್ಡಿನಲ್ಲೂ ಹನ್ನೆರಡು ಗಂಟೆ ದುಡಿಸಿ ಎಂಟು ಗಂಟೆಯ ಕೂಲಿ ಕೊಡುವವರಿದ್ದಾರೆ. ಬೆರಳು ಹೋದಾಗ ಮುನ್ನೂರು ರೂಪಾಯಿ ಕೈಗಿಟ್ಟು ಮನೆಗೆ ಕಳಿಸಿದವರೂ ಇದ್ದಾರೆ. ಆದ್ದರಿಂದಲೇ ನಾವು ಕೇಳುವ ರಿಯಾಯಿತಿಗೆ ಷರತ್ತು ಇರಬೇಕು. ಷರತ್ತಿಲ್ಲದ ರಿಯಾಯಿತಿ ದಾನ, ಷರತ್ತುಳ್ಳ ರಿಯಾಯಿತಿ ಒಪ್ಪಂದ. ದಾನ ಮಾಲೀಕನ ಮನೆಯಲ್ಲಿ ಮುಗಿಯುತ್ತದೆ. ಒಪ್ಪಂದವಾದರೆ ಕೆಲಸಗಾರನ ಮನೆಗೂ ಬಂದು ಮುಟ್ಟುತ್ತದೆ.

ನಮ್ಮ ಬೇಡಿಕೆಗಳು

1. ಸೇವೆಗೂ ಕರಕುಶಲ ವಸ್ತುಗಳಿಗೂ ಕೊಟ್ಟಂತೆ, ಸಣ್ಣ ತಯಾರಕರ ಸರಕಿಗೂ ಜಿ.ಎಸ್.ಟಿ. ನೋಂದಣಿ ಮಿತಿ ರಾಜ್ಯದ ಗಡಿ ದಾಟಿ ಅನ್ವಯಿಸಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವವರು ನೆರೆ ರಾಜ್ಯಕ್ಕೆ ಮಾರಲು ಅವಕಾಶ ಕೊಡಬೇಕು.

2. ಪಾಲುದಾರಿಕೆ ಸಂಸ್ಥೆಯ ಆದಾಯ ತೆರಿಗೆ ದರ ದೊಡ್ಡ ಕಂಪನಿಯ ದರಕ್ಕಿಂತ ಹೆಚ್ಚು ಇರಬಾರದು.

3. "ಸಣ್ಣ" ಎಂಬ ಹೆಸರಿನಲ್ಲಿ ಕೊಡುವ ಪ್ರತಿ ರಿಯಾಯಿತಿಯಲ್ಲೂ 20 ಜನರಿಗಿಂತ ಕಡಿಮೆ ಇರುವ ಘಟಕಗಳಿಗೆ ಒಂದು ಪಾಲನ್ನು ಬೇರೆಯಾಗಿ ಮೀಸಲಿಡಬೇಕು.

4. ಈ ರಿಯಾಯಿತಿ ಪಡೆಯುವ ಶೆಡ್ಡು ತನ್ನ ಪ್ರತಿ ಕೆಲಸಗಾರನಿಗೆ ನೇಮಕದ ಕಾಗದ, ಬ್ಯಾಂಕಿನ ಮೂಲಕ ಕನಿಷ್ಠ ವೇತನ, ಪಿ.ಎಫ್. ಮತ್ತು ಅಪಘಾತದ ರಕ್ಷಣೆ ಕೊಟ್ಟಿರಬೇಕು. ಗೋಡೆಯ ಮೇಲೆ ಅದರ ಪಟ್ಟಿ ಹಾಕಿರಬೇಕು.

ಈ ನಾಲ್ಕನ್ನೂ ಒಟ್ಟಿಗೆ ಕೇಳಬೇಕು. ಮೊದಲ ಮೂರನ್ನು ಮಾತ್ರ ಕೇಳಿದರೆ ನಾವು ಮಾಲೀಕರ ಬಾಲವಾಗುತ್ತೇವೆ. ನಾಲ್ಕನೆಯದನ್ನು ಮಾತ್ರ ಕೇಳಿದರೆ ಶೆಡ್ಡು ಬಾಗಿಲು ಮುಚ್ಚುತ್ತದೆ, ನಾವೂ ಬೀದಿಗೆ ಬರುತ್ತೇವೆ.

ಮೊದಲ ಬೇಡಿಕೆ ಜಿ.ಎಸ್.ಟಿ. ಮಂಡಳಿಯ ಮುಂದೆ ಹೋಗಬೇಕಾದದ್ದು. ಆ ಮಂಡಳಿಯಲ್ಲಿ ತಮಿಳುನಾಡಿನ ಮಂತ್ರಿಯೂ ಕರ್ನಾಟಕದ ಮಂತ್ರಿಯೂ ಕೂರುತ್ತಾರೆ. ಗಡಿಯ ಈ ಕಡೆಯ ಕಷ್ಟವೇ ಆ ಕಡೆಯದೂ ಹೌದು. ಅತ್ತಿಬೆಲೆಯ ಶೆಡ್ಡು ಹೊಸೂರಿಗೆ ಮಾರುವಾಗ ಇದೇ ತಡೆ ಅದಕ್ಕೂ ಇದೆ. ಆದ್ದರಿಂದ ಹೊಸೂರು, ಡೆಂಕಣಿಕೋಟೆ, ಶೂಲಗಿರಿಯ ಕಾರ್ಮಿಕರೂ ಅತ್ತಿಬೆಲೆ, ಆನೇಕಲ್ಲಿನ ಕಾರ್ಮಿಕರೂ ಒಂದೇ ಮನವಿಗೆ ಸಹಿ ಹಾಕಿ ಇಬ್ಬರು ಮಂತ್ರಿಗಳಿಗೂ ಕಳಿಸಬೇಕು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆಯೋಣ. ಕಾವೇರಿ ನೀರಿನ ಗಲಾಟೆ ಬಂದಾಗ ಎರಡು ಕಡೆಯವರನ್ನೂ ಎತ್ತಿಕಟ್ಟಲು ಬರುವ ನಾಯಕರು, ಎರಡು ಕಡೆಯ ಕೂಲಿಕಾರರೂ ಒಂದೇ ಕಾಗದ ಹಿಡಿದು ಬಂದಾಗ ಏನು ಹೇಳುತ್ತಾರೋ ನೋಡೋಣ.

ಸಂತೆಯಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಂಡ ವ್ಯಾಪಾರಿಯನ್ನು ಹಿಡಿದರೆ ಜನ ಸುಮ್ಮನೆ ಬಿಡುವುದಿಲ್ಲ. ಸರ್ಕಾರದ ತಕ್ಕಡಿಯ ಮುಂದೆ ಮಾತ್ರ ನಾವು ಕೈಕಟ್ಟಿ ನಿಲ್ಲುವುದೇಕೆ? ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಶೆಡ್ಡಿನಲ್ಲಿ ಎಷ್ಟು ಜನ, ಎಷ್ಟು ಜನರಿಗೆ ಪಿ.ಎಫ್., ಸರಕು ಗಡಿ ದಾಟುತ್ತದೆಯೋ ಇಲ್ಲವೋ, ಕಂಪನಿ ಹಣ ಕೊಡಲು ಎಷ್ಟು ದಿನ ತೆಗೆದುಕೊಳ್ಳುತ್ತದೆ, ಈ ನಾಲ್ಕು ವಿಷಯವನ್ನು ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬೇಡ. ಆ ಚೀಟಿಗಳೇ ನಮ್ಮ ಮನವಿಗೆ ಆಧಾರ.